ಹೊಳೆ ನೀರಲ್ಲಿ ಪಾದರಸ ಇದೆಯಾ? ಒಂದು ಹನಿಗೆ ಇಳಿಸಿ ನೋಡಿ

ಕುಡಿಯುವ ನೀರಲ್ಲಿ ಪಾದರಸ ಲೀಟರಿಗೆ 0.001 ಮಿಲಿಗ್ರಾಂ ಮೀರಬಾರದು ಅನ್ನುತ್ತದೆ ನಮ್ಮ ದೇಶದ ಐಎಸ್ 10500 ಮಾನದಂಡ. ಸಾವಿರ ಲೀಟರಿನ ಟ್ಯಾಂಕಿಗೆ ಒಂದೇ ಮಿಲಿಗ್ರಾಂ! ರುಚಿ, ವಾಸನೆಯಿಂದ ಇದು ಗೊತ್ತಾಗುವುದಿಲ್ಲ. ಅದಕ್ಕೇ ನೀರಲ್ಲಿ ಹರಡಿರುವ ಪಾದರಸವನ್ನು ಒಂದು ಹನಿ ದ್ರಾವಕಕ್ಕೆ ಎಳೆದುಕೊಂಡು ಆಮೇಲೆ ಅಳೆಯುವುದು. ಇದು ಫ್ಯೂಮ್ ಹುಡ್ (ವಿಷದ ಆವಿಯನ್ನು ಹೊರಗೆಳೆಯುವ ಕಪಾಟು) ಇರುವ ಕಾಲೇಜು ಲ್ಯಾಬಿನ ಕೆಲಸ, ಮನೆಯಲ್ಲಿ ಖಂಡಿತ ಬೇಡ.

ನನ್ನ ಪ್ರಕಾರ ಅರ್ಧ ಕೆಲಸ ಹೊಳೆ ದಂಡೆಯಲ್ಲೇ ಮುಗಿಯುತ್ತದೆ. ಕೂಡ್ಲಿಯಲ್ಲಿ ತುಂಗಾ-ಭದ್ರಾ ಸೇರುವ ಕಡೆ ನೀರು ಹಿಡಿಯುತ್ತೀರಿ ಅಂದುಕೊಳ್ಳಿ. ಮಾಮೂಲಿ ಪ್ಲಾಸ್ಟಿಕ್ ಬಾಟಲಿ ಬೇಡ, ಪಾದರಸದ ಆವಿ ಅದರ ಮೂಲಕ ಒಳಗೂ ಹೊರಗೂ ದಾಟುತ್ತದೆ. ಆಸಿಡ್‌ನಲ್ಲಿ ತೊಳೆದ ಗಾಜಿನ ಬಾಟಲಿ ಒಯ್ಯಿರಿ, ನೀರು ತುಂಬಿದ ಮೇಲೆ ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ಶುದ್ಧ ನೈಟ್ರಿಕ್ ಆಸಿಡ್ ಹಾಕಿ, ಇಲ್ಲದಿದ್ದರೆ ಪಾದರಸ ಗಾಜಿನ ಗೋಡೆಗೇ ಅಂಟಿಕೊಂಡು ಲ್ಯಾಬಿಗೆ ಬರುವಷ್ಟರಲ್ಲಿ ನೀರು ಸುಮ್ನೆ ಚೆನ್ನಾಗಿದೆ ಅಂತ ಕಾಣುತ್ತದೆ. ಜೊತೆಗೆ ಇನ್ನೊಂದು ಬಾಟಲಿಯಲ್ಲಿ ಶುದ್ಧ ನೀರನ್ನೂ ಒಯ್ದು ಅದಕ್ಕೂ ಎಲ್ಲವನ್ನೂ ಹಾಗೆಯೇ ಮಾಡಿ. ಅದೇ ಬ್ಲಾಂಕ್, ಅದರಲ್ಲೂ ಪಾದರಸ ಕಂಡರೆ ಅದು ಹೊಳೆಯದ್ದಲ್ಲ, ಬಾಟಲಿ ಅಥವಾ ಆಸಿಡ್‌ನಿಂದ ಬಂದದ್ದು.

ಮಲೆನಾಡಿನ ನೀರಿಗೆ ಒಂದು ವಿಶೇಷ ಇದೆ. ಮಳೆಗಾಲದಲ್ಲಿ ಕಾಡಿನ ತರಗೆಲೆ ಕೊಳೆತು ಕಂದು ಬಣ್ಣದ ನೀರು ಬರುತ್ತದಲ್ವಾ, ಆ ಸಾವಯವ ಅಂಶ ಪಾದರಸವನ್ನು ಬಿಗಿಯಾಗಿ ಹಿಡಿದಿರುತ್ತದೆ. ಬಿಡಿಸಲು ಆಸಿಡ್, ಪೊಟ್ಯಾಸಿಯಂ ಪರ್ಮಾಂಗನೇಟ್, ಪರ್ಸಲ್ಫೇಟ್ ಸೇರಿಸಿ, ಮುಚ್ಚಿದ ಬಾಟಲಿಯನ್ನು 95 ಡಿಗ್ರಿಯ ನೀರಿನಲ್ಲಿ 2 ಗಂಟೆ ಇಡಿ. ತಣ್ಣಗಾದ ಮೇಲೆ ನೇರಳೆ ಬಣ್ಣ ಪೂರ್ತಿ ಹೋಗುವವರೆಗೆ ಹೈಡ್ರಾಕ್ಸಿಲಮೀನ್ ಹಾಕಿ. ಉಳಿದ ಪರ್ಮಾಂಗನೇಟ್ ಮುಂದಿನ ಹಂತದ ಡೈಥೈಜೋನನ್ನು, ಅಂದರೆ ಪಾದರಸವನ್ನು ಹಿಡಿದು ಬಣ್ಣ ಬದಲಿಸುವ ರಾಸಾಯನಿಕವನ್ನು, ಕೆಡಿಸುತ್ತದೆ.

ಈಗ 10 ಮಿಲಿಲೀಟರ್ ನೀರನ್ನು ಚೂಪು ತಳದ ಟ್ಯೂಬಿಗೆ ತೆಗೆದುಕೊಂಡು, ತಾಮ್ರ ಅಡ್ಡಬರದಂತೆ ಅದನ್ನು ಹಿಡಿದಿಡುವ ಇಡಿಟಿಎ ಎಂಬ ರಾಸಾಯನಿಕ ಸ್ವಲ್ಪ ಸೇರಿಸಿ. ಡೈಥೈಜೋನ್ ಕರಗಿಸಿದ 100 ಮೈಕ್ರೋಲೀಟರ್ ಕ್ಲೋರೋಬೆಂಜೀನನ್ನು (ಇದೇ ಆ ಹನಿ ದ್ರಾವಕ) 1 ಮಿಲಿಲೀಟರ್ ಅಸಿಟೋನಿನಲ್ಲಿ ಬೆರೆಸಿ ಸಿರಿಂಜಿನಿಂದ ರಭಸವಾಗಿ ಬಿಡಿ. ನೀರು ಹಾಲಿನಂತೆ ಮಬ್ಬಾಗುತ್ತದೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಭಾರದ ಹನಿ ತಳಕ್ಕೆ ಕೂರುತ್ತದೆ. ಪಾದರಸ ಪೂರ್ತಿ ಬಂದರೆ ಸಾಂದ್ರತೆ ಸುಮಾರು 100 ಪಟ್ಟು ಏರಿರುತ್ತದೆ. ಹಸಿರು ಡೈಥೈಜೋನ್ ಪಾದರಸದ ಜೊತೆ ಕಿತ್ತಳೆ-ಹಳದಿಗೆ ತಿರುಗುತ್ತದೆ. ಬೆಳ್ಳಿಯೂ ಹೀಗೆ ಬಣ್ಣ ಕೊಡುತ್ತದೆ, ಎಚ್ಚರ.

ಹನಿ ಹಸಿರಾಗೇ ಉಳಿಯಿತು ಅಂತ ನಿರಾಳ ಆಗಬೇಡಿ. ಮಿತಿಯ ಹತ್ತಿರದ ಪಾದರಸ ಕಣ್ಣಿಗೆ ಕಾಣುವಷ್ಟಿರುವುದಿಲ್ಲ. ಅದೇ ನೀರಿನ ಇನ್ನೊಂದು ಪಾಲಿಗೆ ಗೊತ್ತಿರುವಷ್ಟು ಪಾದರಸ ಬೆರೆಸಿ, ಎಷ್ಟು ವಾಪಸ್ ಸಿಕ್ಕಿತು ನೋಡಿ. ಕಡಿಮೆ ಬಂದರೆ ನಿಮ್ಮ ವಿಧಾನ ಆ ನೀರಿಗೆ ಹೊಂದುತ್ತಿಲ್ಲ. ಅನುಮಾನ ಇದ್ದರೆ ಅದೇ ನೀರಿನ ಎತ್ತಿಟ್ಟ ಪಾಲನ್ನು ಕೋಲ್ಡ್ ವೇಪರ್ ಯಂತ್ರ ಇರುವ ಲ್ಯಾಬಿಗೆ ಕಳಿಸಿ, ಅಲ್ಲಿ ಪಾದರಸವನ್ನು ಆವಿ ಮಾಡಿ 253.7 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ.

ಉಳಿದ ದ್ರಾವಕ, ಪಾದರಸದ ದ್ರಾವಣ ಯಾವುದನ್ನೂ ಸಿಂಕಿಗೆ ಸುರಿಯಬೇಡಿ. ಹೆಸರು ಬರೆದ ಗಾಜಿನ ಬಾಟಲಿಯಲ್ಲಿ ಮುಚ್ಚಿಟ್ಟು, ಅಪಾಯಕಾರಿ ತ್ಯಾಜ್ಯ ಒಯ್ಯಲು ಪರವಾನಗಿ ಇರುವವರಿಗೇ ಕೊಡಿ.