ಕಬ್ಬಿನ ಹಂಗಾಮಿಗೂ ಮೊದಲೇ ಹಳೇ ಸರ್ವರ್ ಬದಲಿಸಿ

ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವುದು ಶುರುವಾದ ಮೇಲೆ ವೇಬ್ರಿಡ್ಜ್ (ಕಬ್ಬಿನ ವಾಹನ ತೂಗುವ ಕಾಟಾ) ಸರ್ವರ್ ಮುಟ್ಟಲೇಬಾರದು. ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲು ನಿಂತಷ್ಟೂ ಕಬ್ಬು ಒಣಗಿ ರೈತನಿಗೆ ತೂಕ ನಷ್ಟ. ಜೂನ್-ಜುಲೈನಲ್ಲೇ ಕೆಲಸ ಮುಗಿಸಿ.

ಹಳೇ ಸರ್ವರ್‌ನಲ್ಲಿ ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಇದ್ದರೆ, ಅದರ ಬೆಂಬಲ 2024ರ ಜೂನ್ 30ಕ್ಕೆ ನಿಂತಿದೆ. 7ನೇ ಆವೃತ್ತಿಯಿಂದ 9ಕ್ಕೆ ನೇರ ಜಿಗಿತ ಇಲ್ಲ. ಬೇರೆ ಯಂತ್ರದಲ್ಲಿ ಅದೇ ಬಗೆಯ ರಾಕಿ ಲಿನಕ್ಸ್ 9 ಹಾಕಿ ಡೇಟಾ ಸಾಗಿಸುವುದೇ ಕ್ಷೇಮ; ಹಳೆಯದು ಹಾಗೇ ಇದ್ದರೆ ಎಡವಿದಾಗ ಹಿಂದಿರುಗಬಹುದು.

ಮೊದಲು ಪಟ್ಟಿ ಮಾಡಿ: ಕ್ರಾನ್ ಕೆಲಸಗಳು (ಹೊತ್ತಿಗೆ ಸರಿಯಾಗಿ ತಾವೇ ನಡೆಯುವಂಥವು), ತೆರೆದ ನೆಟ್‌ವರ್ಕ್ ಪೋರ್ಟ್‌ಗಳು, ಪ್ರಿಂಟರ್, ತೂಕ ತೋರಿಸುವ ಇಂಡಿಕೇಟರನ್ನು ಸರ್ವರ್‌ಗೆ ಜೋಡಿಸುವ ಸೀರಿಯಲ್ ಕೇಬಲ್. ಮರೆತುಹೋಗುವುದು ಈ ಕೇಬಲ್ಲೇ. ಹೊಸ ಯಂತ್ರದಲ್ಲಿ ಸೀರಿಯಲ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ ಕನ್ವರ್ಟರ್ ಎರಡು ತರಿಸಿ, ಒಂದು ಕೈಯಲ್ಲಿರಲಿ. ಕನ್ವರ್ಟರ್ ಬಂದರೆ ಪೋರ್ಟಿನ ಹೆಸರೂ ಬದಲಾಗುತ್ತದೆ. ಪ್ರೋಗ್ರಾಂ ಹಳೇ ಹೆಸರನ್ನೇ ಹುಡುಕುತ್ತಾ ಕೂತರೆ ಪರದೆಯ ಮೇಲೆ ತೂಕ ಮೂಡುವುದಿಲ್ಲ.

ಡೇಟಾ ಇಡುವ ಮೈಎಸ್‌ಕ್ಯೂಎಲ್ ಡೇಟಾಬೇಸ್ 5.7ರಿಂದ 8ಕ್ಕೆ ಹೋಗುವಾಗ ಪಾಸ್‌ವರ್ಡ್ ಪರಿಶೀಲಿಸುವ ವಿಧಾನ ಬೇರೆ. ಹಳೇ ಕನೆಕ್ಟರ್ (ಡೇಟಾಬೇಸ್‌ಗೆ ಜೋಡಿಸುವ ತಂತ್ರಾಂಶ) ಇರುವ ಬಿಲ್ಲಿಂಗ್ ಪ್ರೋಗ್ರಾಂ ಲಾಗಿನ್ ಆಗದಿರಬಹುದು, ಕನೆಕ್ಟರನ್ನೂ ಹೊಸದು ಮಾಡಿ.

ಬ್ಯಾಕಪ್ ಫೈಲ್ ಇದ್ದರೆ ಸಾಲದು. ಹೊಸ ಯಂತ್ರದಲ್ಲಿ ತುಂಬಿಸಿ, ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ. ಕಳೆದ ಹಂಗಾಮಿನ ಯಾವುದಾದರೂ ಒಂದು ದಿನದ ಒಟ್ಟು ಟನ್ ಎರಡೂ ಕಡೆ ತಾಳೆ ನೋಡಿ. ಒಂದು ಕಿಲೋ ವ್ಯತ್ಯಾಸ ಬಂದರೂ ಮುಂದೆ ಹೋಗಬೇಡಿ.