ಮಂಡಕ್ಕಿ ತಂದ ಫಜೀತಿ: ನಮ್ಮ ಟೆರೇಸಿನ ಅಕ್ವಾಪೋನಿಕ್ಸ್

ನಮ್ಮ ಮೈಸೂರಿನ ಮನೆಯ ಟೆರೇಸಿನಲ್ಲಿ ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಯಾರೋ ಬಾಯಿ ಮುಕ್ಕಳಿಸಿದ ಹಾಗೆ ಸದ್ದಾಗುತ್ತದೆ. ಬಂದ ನೆಂಟರು ಎಲ್ಲೋ ಪೈಪು ಒಡೆದಿದೆ ಅಂತ ಎದ್ದು ನೋಡುತ್ತಾರೆ. ಅದು ಬೆಲ್ ಸೈಫನ್. ಮೀನಿನ ತೊಟ್ಟಿಯ ನೀರನ್ನು ಪಂಪು ಮೇಲಿನ ಜಲ್ಲಿ ಡ್ರಮ್ಮಿಗೆ ಎತ್ತುತ್ತದೆ. ಡ್ರಮ್ಮು ತುಂಬಿದ ಕೂಡಲೇ ಸೈಫನ್ ಹಿಡಿದು, ಅಷ್ಟೂ ನೀರು ಒಂದೇ ಸಲಕ್ಕೆ ತೊಟ್ಟಿಗೆ ವಾಪಸ್ ಇಳಿಯುತ್ತದೆ. ಜಲ್ಲಿಯಲ್ಲಿರುವ ಗಿಡದ ಬೇರಿಗೆ ಸ್ವಲ್ಪ ಹೊತ್ತು ನೀರು, ಸ್ವಲ್ಪ ಹೊತ್ತು ಗಾಳಿ. ಮೀನಿನ ಗಲೀಜು ಗಿಡಕ್ಕೆ ಗೊಬ್ಬರ. ಹೀಗೆ ಮೀನು, ಗಿಡ ಎರಡನ್ನೂ ಒಂದೇ ನೀರಿನಲ್ಲಿ ಮಣ್ಣಿಲ್ಲದೆ ಬೆಳೆಸುವುದಕ್ಕೇ ಅಕ್ವಾಪೋನಿಕ್ಸ್ ಅನ್ನುವುದು. ಓದುವಾಗ ಇಷ್ಟೇ ಅಲ್ವಾ ಅನ್ನಿಸಿತ್ತು.

ಮೊದಲು 1000 ಲೀಟರಿನ ದೊಡ್ಡ ಟ್ಯಾಂಕನ್ನೇ ತರುವ ಹುಮ್ಮಸ್ಸಿತ್ತು. ಪರಿಚಯದ ಇಂಜಿನಿಯರ್ ಒಬ್ಬರು ಸರಿಯಾಗಿ ಬೈದರು. ಸಾವಿರ ಲೀಟರ್ ನೀರು ಅಂದರೆ ಒಂದು ಟನ್. ಜನ ಓಡಾಡುವ ಟೆರೇಸಿಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಚದರ ಮೀಟರಿಗೆ 150 ಕೆಜಿ ಅಷ್ಟೇ. ಕೊನೆಗೆ 500 ಲೀಟರಿನ ತೊಟ್ಟಿ ತಂದು ಅದರಲ್ಲಿ 350 ಲೀಟರ್ ಮಾತ್ರ ತುಂಬಿಸಿದೆ. 200 ಲೀಟರಿನ ನೀಲಿ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿಸಿ ಎರಡು ಹೋಳು ಮಾಡಿಸಿದೆ. ಆಂಗಲ್ ಸ್ಟ್ಯಾಂಡ್ ಬೆಸುಗೆ ಹಾಕಿಸಿ, ಕೆಳಗೆ ತೊಲೆ ಮತ್ತು ಗೋಡೆ ಎಲ್ಲಿವೆ ಅಂತ ಅವರೇ ಗುರುತು ಹಾಕಿಕೊಟ್ಟ ಜಾಗದಲ್ಲಿ ಕೂರಿಸಿದೆ. ಎರಡೂ ಹೋಳಿನ ಜಲ್ಲಿಯೇ ಹತ್ತಿರ ಹತ್ತಿರ 300 ಕೆಜಿ. ಅಷ್ಟನ್ನೂ ಬಕೆಟ್ಟಿನಲ್ಲಿ ಮೆಟ್ಟಿಲು ಹತ್ತಿಸಿದವನು ನಾನೇ.

ಅದೂ ಎರಡು ಸಲ. ಮೊದಲ ಸಲ ಚೆಂದ ಕಾಣಲಿ ಅಂತ ಬಿಳಿ ಕಲ್ಲು ತಂದಿದ್ದೆ. ವಾರದಲ್ಲಿ ನೀರಿನ ಪಿಎಚ್, ಅಂದರೆ ನೀರು ಎಷ್ಟು ಹುಳಿ ಎಷ್ಟು ಕ್ಷಾರ ಅನ್ನುವ ಅಳತೆ, 8 ದಾಟಿತು. ಒಂದು ಕಲ್ಲಿನ ಮೇಲೆ ವಿನೆಗರ್ ಬಿಟ್ಟೆ. ಸೋಡಾದ ಹಾಗೆ ಬುಸ್ ಅಂತ ನೊರೆ ಬಂತು. ಅಮೃತಶಿಲೆಯ ಚೂರು ಅದು, ಸುಣ್ಣದ ಅಂಶ. ಪಿಎಚ್ ಏರಿದಷ್ಟೂ ನೀರಿನಲ್ಲಿರುವ ಅಮೋನಿಯ ಮೀನಿಗೆ ಜಾಸ್ತಿ ವಿಷವಾಗುತ್ತದೆ. ಗಿಡಕ್ಕೆ ಕಬ್ಬಿಣವೂ ಸಿಗುವುದಿಲ್ಲ. ಎಲ್ಲ ಇಳಿಸಿ, ಮನೆ ಕಟ್ಟುವ 20 ಎಂಎಂ ಕರಿ ಜಲ್ಲಿ ತಂದೆ. ಧೂಳು ಹೋಗುವವರೆಗೆ ತೊಳೆದು ತೊಳೆದು ಕೈ ಬೊಬ್ಬೆ ಬಂತು. ಕಲ್ಲು ಕೊಳ್ಳಲು ಹೋಗುವಾಗ ಜೇಬಿನಲ್ಲಿ ವಿನೆಗರ್ ಶೀಶೆ ಇರಲಿ. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ.

ಪಂಪು ಕೂಲರಿನದು, 18 ವ್ಯಾಟ್. ಸೈಫನ್ನಿಗೆ ಒಂದಿಂಚಿನ ನಿಲ್ಲು ಪೈಪು, ಅದರ ಮೇಲೆ ಕ್ಯಾಪ್ ಹಾಕಿದ ಎರಡಿಂಚಿನ ಪೈಪು, ಜಲ್ಲಿ ಒಳಗೆ ಬಾರದ ಹಾಗೆ ಸುತ್ತ ತೂತು ಕೊರೆದ ನಾಲ್ಕಿಂಚಿನ ಪೈಪು. ಮೂರು ದಿನ ಅದು ಹಿಡಿಯಲೇ ಇಲ್ಲ. ನೀರು ನಿಲ್ಲು ಪೈಪಿನ ಅಂಚಿನಿಂದ ಸುಮ್ನೆ ಜಿನುಗುತ್ತಿತ್ತು. ಪೈಪಿನ ತಲೆಗೆ ಒಂದು ರೆಡ್ಯೂಸರ್ ಸಿಕ್ಕಿಸಿ ಆಲಿಕೆಯ ಹಾಗೆ ಬಾಯಿ ಅಗಲ ಮಾಡಿದೆ. ಮೊದಲ ಸಲ ಗಳಗಳ ಅಂತ ಎಳೆದುಕೊಂಡಾಗ ರಾತ್ರಿ ಒಂಬತ್ತೂವರೆ. ಮನೆಯವರನ್ನೆಲ್ಲ ಮೇಲಕ್ಕೆ ಕರೆದು ತೋರಿಸಿದೆ. ಯಾರಿಗೂ ಅಷ್ಟೇನೂ ಖುಷಿಯಾದ ಹಾಗೆ ಕಾಣಲಿಲ್ಲ.

ಆಮೇಲೆ ಕಾಯುವ ಕೆಲಸ. ಮೀನು ಬಿಡುವುದು ಅಮೋನಿಯ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಬೇಕು, ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡಬೇಕು. ಮೊದಲಿನ ಎರಡೂ ಮೀನಿಗೆ ವಿಷ, ಕೊನೆಯದು ಗಿಡಕ್ಕೆ ಊಟ. ಈ ಬ್ಯಾಕ್ಟೀರಿಯಾ ಜಲ್ಲಿಗೆ ಅಂಟಿಕೊಂಡು ಬೆಳೆಯುವ ತನಕ ಮೀನು ಬಿಡಬಾರದು. ಅಲ್ಲಿಯವರೆಗೆ ಅವಕ್ಕೆ ತಿನ್ನಲು ಅಮೋನಿಯ ಎಲ್ಲಿಂದ? ಹಿಂದೆ ಪಾತ್ರೆಗೆ ಕಲಾಯಿ ಹಾಕುವವರು ನವಸಾಗರ ಉಜ್ಜುತ್ತಿದ್ದರಲ್ಲ, ಅದೇ ಅಮೋನಿಯಂ ಕ್ಲೋರೈಡ್. ಗ್ರಂಥಿಗೆ ಅಂಗಡಿಯಲ್ಲಿ ಸಿಕ್ಕಿತು. ಎರಡು ದಿನ ತೆರೆದಿಟ್ಟು ಕ್ಲೋರಿನ್ ಹೋಗಿಸಿದ ನೀರಿಗೆ 2 ಗ್ರಾಂ ಕರಗಿಸಿ ಹಾಕಿದೆ. ಗೆಳೆಯನ ಅಕ್ವೇರಿಯಂ ಫಿಲ್ಟರಿನ ಸ್ಪಂಜನ್ನು ಅದಕ್ಕೇ ಹಿಂಡಿದೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹನ್ನೆರಡು ದಿನದಲ್ಲಿ ಅಮೋನಿಯ ಇಳಿಯಿತು. ನೈಟ್ರೈಟ್ ಪರೀಕ್ಷೆಯ ನೀರು ಮಾತ್ರ ಕಡು ನೇರಳೆ ಬಣ್ಣದಲ್ಲೇ ಮೂರು ವಾರ ಕೂತುಬಿಟ್ಟಿತು. ಹಾಕಿದ ನವಸಾಗರ ಒಂದೇ ದಿನದಲ್ಲಿ ಪೂರ್ತಿ ನೈಟ್ರೇಟ್ ಆಗತೊಡಗಿದ್ದು 36ನೇ ದಿನ.

ಯಾವ ಮೀನು ಅನ್ನುವುದು ಮನೆಯಲ್ಲಿ ದೊಡ್ಡ ಚರ್ಚೆ. ಎಲ್ಲರೂ ಹೇಳುವುದು ಜಿಲೇಬಿ ಮೀನು, ಅಂದರೆ ತಿಲಾಪಿಯ. ಅದು ಗಟ್ಟಿ ಜೀವ ನಿಜ. ಆದರೆ 1952ರಲ್ಲಿ ಹೊರಗಿನಿಂದ ಬಂದು ನಮ್ಮ ಕೆರೆಗಳನ್ನೆಲ್ಲ ತುಂಬಿಕೊಂಡ ಮೀನು ಅದು, ಸಾಕಲು ಅನುಮತಿ ಬೇಕು. ನಮ್ಮದು ಮೀನು ತಿನ್ನದ ಮನೆ ಬೇರೆ. “ಸಾಕೋದಾದ್ರೆ ಸಾಕು ಕಣೋ, ಕೊಯ್ಯೋ ಮಾತು ಮಾತ್ರ ಬೇಡ” ಅಂದಳು ಅಮ್ಮ. ಚೆಂದಕ್ಕೆ ಸಾಕುವ ಬಣ್ಣದ ಮೀನು ಕೋಯಿ, ಅದರ ಬೆರಳುದ್ದದ ಹನ್ನೆರಡು ಮರಿ ತಂದೆ.

ಎಡವಟ್ಟಾಗಿದ್ದು ಎರಡು ತಿಂಗಳ ಮೇಲೆ. ನಾನು ಎರಡು ದಿನ ಊರಲ್ಲಿರಲಿಲ್ಲ. ಅಮ್ಮನಿಗೆ ಮೀನು ಅಂದರೆ ಶೃಂಗೇರಿಯ ತುಂಗೆಯ ಮೀನು. ಅಲ್ಲಿ ಮಂಡಕ್ಕಿ ಎಸೆದರೆ ಮುತ್ತಿಕೊಂಡು ತಿನ್ನುತ್ತವಲ್ಲ, ಹಾಗೇ ಇಲ್ಲೂ ಬೆಳಗ್ಗೆ ಸಂಜೆ ಎರಡೆರಡು ಮುಷ್ಟಿ. ಅದು ಹರಿಯುವ ಹೊಳೆ, ಇದು 350 ಲೀಟರ್. ಮಿಕ್ಕ ಮಂಡಕ್ಕಿ ನೆನೆದು ಗಂಜಿಯಾಗಿ ಪಂಪಿನ ಜಾಲರಿಗೆ ಮೆತ್ತಿಕೊಂಡಿತು. ನೀರು ಹರಿಯುವುದು ನಿಂತಿತು, ಕೊಳೆತದ್ದು ಇದ್ದ ಆಮ್ಲಜನಕವನ್ನೂ ತಿಂದಿತು. ರಾತ್ರಿ ಬಸ್ಸಿಗೆ ಬಂದು ಐದೂವರೆಗೆ ಟೆರೇಸು ಹತ್ತಿದರೆ ಗಳಗಳ ಸದ್ದೇ ಇಲ್ಲ. ಹುಳಿ ಹಿಟ್ಟಿನ ವಾಸನೆ. ಮೀನೆಲ್ಲ ಮೇಲಕ್ಕೆ ಬಂದು ಬಾಯಿ ಪಚಪಚ ಮಾಡುತ್ತಿದ್ದವು. ಎರಡು ಆಗಲೇ ಮಗ್ಗುಲಾಗಿದ್ದವು.

ಪುಣ್ಯಕ್ಕೆ ಬೇರೊಂದು ಡ್ರಮ್ಮಿನಲ್ಲಿ ಕ್ಲೋರಿನ್ ಹೋದ ನೀರು ಹಿಡಿದಿಟ್ಟಿದ್ದೆ. ತೊಟ್ಟಿಯ ಅರ್ಧ ನೀರು ಹೊರಗೆ ಚೆಲ್ಲಿ ಅದನ್ನು ತುಂಬಿಸಿದೆ. ಅಮ್ಮ ಸ್ಟೂಲಿನ ಮೇಲೆ ನಿಂತು ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಸುರಿಯುತ್ತಿದ್ದಳು. ಗಾಳಿ ಸೇರಲಿ ಅಂತ ನಾನೇ ಹೇಳಿದ್ದು. ಮುಕ್ಕಾಲು ಗಂಟೆ, ಒಂದು ಮಾತಿಲ್ಲ. ನಾನು ಪಂಪು ಬಿಚ್ಚಿ ಗಂಜಿ ಕೆರೆದೆ. ನಾಲ್ಕು ಸತ್ತವು, ಎಂಟು ಉಳಿದವು. ಬ್ಯಾಟರಿ ಇರುವ ಗಾಳಿ ಪಂಪನ್ನು ಅವತ್ತೇ ತಂದೆ. ಕರೆಂಟ್ ಹೋದರೂ ಬೇಕಾಗುತ್ತದೆ, ಮೊದಲೇ ತರಬೇಕಿತ್ತು.

ಅದಾದ ಮೇಲೆ ಊಟ ಹಾಕುವ ಕೆಲಸ ಅಮ್ಮನದೇ. ಒಂದು ಚಮಚ ಮೀನಿನ ಆಹಾರದ ಕಾಳು, ಐದು ನಿಮಿಷದಲ್ಲಿ ತಿಂದಷ್ಟು. ಮಿಕ್ಕರೆ ಟೀ ಸೋಸುವ ಜಾಲರಿಯಿಂದ ಎತ್ತುತ್ತಾಳೆ. ನಾನು ಹಾಕಲು ಹೋದರೆ ಕೈ ಸರಿಸುತ್ತಾಳೆ.

ಗಿಡಗಳ ಕತೆ ಉಲ್ಟಾ. ಮೀನಿಗೆ ಊಟ ಹೆಚ್ಚಾದರೆ ತೊಂದರೆ, ಗಿಡಕ್ಕೆ ಕಡಿಮೆಯಾಗಿತ್ತು. ಸೊಪ್ಪು ಬೆಳೆಯುವ ಒಂದು ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ ಅನ್ನುವುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ ಕೊಡುವ ಲೆಕ್ಕ. ನನ್ನ ಎರಡು ಹೋಳು ಸೇರಿ ಹತ್ತಿರ ಹತ್ತಿರ ಅಷ್ಟೇ ಜಾಗ, ಮೀನು ತಿನ್ನುತ್ತಿದ್ದದ್ದು 8 ಗ್ರಾಂ. ಟೊಮೆಟೊ ಹೂ ಬಿಟ್ಟು ಉದುರಿಸಿ ಸೊರಗಿತು. ಪಾಲಕ್ಕಿನ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಅದು ಕಬ್ಬಿಣದ ಕೊರತೆ, ಮೀನಿನ ಕಾಳಿನಲ್ಲಿ ಅದು ಸಾಲುವುದಿಲ್ಲ. ಗೊಬ್ಬರದಂಗಡಿಯಲ್ಲಿ ಇಡಿಡಿಎಚ್‌ಎ ರೂಪದ, ಅಂದರೆ ನೀರಲ್ಲಿ ಕರಗಿಯೇ ಉಳಿದು ಗಿಡಕ್ಕೆ ಸಿಗುವ ಕಬ್ಬಿಣ ಕೇಳಿ ತಂದೆ. ಹಾಕಿದರೆ ತೊಟ್ಟಿ ತುಂಬ ಆರತಿ ನೀರು! ಮೀನಿಗೇನೂ ಆಗಲಿಲ್ಲ. ಎರಡು ವಾರದಲ್ಲಿ ಹೊಸ ಎಲೆ ಹಸಿರಾಗಿಯೇ ಬಂತು. ಎಲೆಗೆ ಗಿಡಹೇನು ಬಂದರೆ ಬೆರಳಲ್ಲೇ ಒರೆಸುತ್ತೇನೆ. ಬೇವಿನೆಣ್ಣೆಯನ್ನೂ ಹೊಡೆಯುವುದಿಲ್ಲ, ಕೆಳಗೆ ಮೀನಿದೆ.

ಈಗ ಒಂದು ಹೋಳಿನಲ್ಲಿ ಒಂದೆಲಗ, ಇನ್ನೊಂದರಲ್ಲಿ ಹೊನಗೊನ್ನೆ ಮತ್ತು ಪುದೀನ. ಮೂರೂ ನೀರಿನ ಪಕ್ಕದ ಗಿಡಗಳು, ಕಡಿಮೆ ಊಟದಲ್ಲೂ ಹಬ್ಬುತ್ತವೆ. ವಾರಕ್ಕೆರಡು ಸಲ ತಂಬುಳಿ. ಟೊಮೆಟೊ ಮಣ್ಣಿನ ಕುಂಡಕ್ಕೆ ವಾಪಸ್ ಹೋಗಿದೆ. ನಿನ್ನೆಯಿಂದ ಸೈಫನ್ ಮತ್ತೆ ತೊದಲುತ್ತಿದೆ, ಪುದೀನದ ಬೇರು ತೂತಿನ ಪೈಪಿನೊಳಗೆ ನುಗ್ಗಿರಬೇಕು. ಭಾನುವಾರ ಬಿಚ್ಚಬೇಕು.