ಅಲಿಬಿ ಅಂದರೆ ‘ಬೇರೆ ಕಡೆ’

ವಕೀಲಿ ಶುರು ಮಾಡಿದ ಹೊಸದು. ಹೊಡೆದಾಟದ ಕೇಸಿನಲ್ಲಿ ಸಿಕ್ಕಿದ್ದ ಹುಡುಗ ಬಂದು, ‘ಸಾರ್, ಅವತ್ತು ನಾನು ಊರಲ್ಲೇ ಇರ್ಲಿಲ್ಲ’ ಅಂದ. ‘ಹಾಗಾದ್ರೆ ಅಲಿಬಿ ತಗೋಬಹುದು’ ಅಂದೆ. ಅವನು ತಲೆಯಾಡಿಸಿ ಹೋದ. ಎರಡು ತಿಂಗಳಾದ ಮೇಲೆ ಪರ್ಸಿನಿಂದ ಬಸ್ ಟಿಕೆಟ್ ತೆಗೆದು ಕೊಟ್ಟ. ಅಕ್ಷರವೆಲ್ಲ ಮಾಸಿ ಹೋಗಿತ್ತು. ಕೈಯಲ್ಲಿ ಉಳಿದದ್ದು ಬರೀ ಬಿಳಿ ಚೀಟಿ. ಅದು ಬೇಕಾಗುತ್ತೆ ಅಂತ ಅವನಿಗೆ ನಾನು ಹೇಳಿರಲೇ ಇಲ್ಲ.

ಅವತ್ತಿನಿಂದ ಪ್ರತಿ ಲ್ಯಾಟಿನ್ ಪದವನ್ನೂ ಕಕ್ಷಿದಾರನಿಗೆ ಕೇಳುವ ಪ್ರಶ್ನೆಯಾಗಿ ಮಾಡಿಕೊಂಡಿದ್ದೇನೆ. ಲ್ಯಾಟಿನ್‌ನಲ್ಲಿ ಅಲಿಬಿ ಅಂದರೆ ‘ಬೇರೆ ಕಡೆ’, ಅಷ್ಟೇ. ‘ಆ ಹೊತ್ತಿಗೆ ಎಲ್ಲಿದ್ರಿ? ಯಾರು ನೋಡಿದ್ರು? ಚೀಟಿ, ಫೋಟೋ ಏನಾದ್ರೂ ಇದೆಯಾ?’ ಅಂತ ಕೇಳುತ್ತೇನೆ. ಟಿಕೆಟ್ ಇದ್ದರೆ ಅವತ್ತೇ ಜೆರಾಕ್ಸ್. ಪಕ್ಕದ ಊರಲ್ಲಿದ್ದೆ ಅಂದರೆ ಸಾಲದು, ಬೈಕಿನಲ್ಲಿ ಇಪ್ಪತ್ತು ನಿಮಿಷದ ದಾರಿ ಅಲ್ವಾ? ಘಟನೆ ನಡೆದ ಜಾಗದಲ್ಲಿ ಇರಲು ಸಾಧ್ಯವೇ ಇರಲಿಲ್ಲ ಅನ್ನುವಷ್ಟು ದೂರ ಇರಬೇಕು. ಮೊದಲು ಪ್ರಾಸಿಕ್ಯೂಷನ್ ತನ್ನ ಕೇಸು ಸಾಬೀತು ಮಾಡಬೇಕು, ನಿಜ. ಆದರೆ ಬೇರೆ ಕಡೆ ಇದ್ದೆ ಅಂದವನೇ ಅದನ್ನು ತೋರಿಸಿಕೊಡಬೇಕು. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದಕ್ಕೆ 11ನೇ ಸೆಕ್ಷನ್ ಇತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 9.

ಮೆನ್ಸ್ ರಿಯಾ ಅಂದರೆ ತಪ್ಪಿನ ಮನಸ್ಸು. ಈ ಪದ ಹಳೇ ಐಪಿಸಿಯಲ್ಲೂ ಇರಲಿಲ್ಲ, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇಲ್ಲ. ಅಲ್ಲಿರುವುದು ಉದ್ದೇಶ, ಅರಿವು, ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇಂಥ ಪದಗಳು. ನಾನು ಸೆಕ್ಷನ್ ತೆರೆದು ಮೊದಲು ಅವುಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯುತ್ತೇನೆ. ಜಾತ್ರೆಯಲ್ಲಿ ಒಬ್ಬ ತನ್ನದೇ ಅಂದುಕೊಂಡು ಅದೇ ಬಣ್ಣದ ಬೇರೆಯವರ ಬೈಕ್ ತಳ್ಳಿಕೊಂಡು ಹೋದ ಅನ್ನಿ. ಕೆಲಸವೇನೋ ನಡೆದಿದೆ, ಅದು ಆಕ್ಟಸ್ ರಿಯಸ್. ಕದಿಯುವ ಮನಸ್ಸಿಲ್ಲ, ಹಾಗಾಗಿ 303ರ ಕಳ್ಳತನ ಆಗುವುದಿಲ್ಲ. ಸಾವಿನ ಕೇಸಿನಲ್ಲಂತೂ ಈ ಮನಸ್ಸೇ ಎಲ್ಲ. ಬೇಕೆಂದೇ ಕೊಂದರೆ 103, ಗಲ್ಲಿನವರೆಗೂ ಶಿಕ್ಷೆ. ನಿರ್ಲಕ್ಷ್ಯದಿಂದ ಆದ ಸಾವಾದರೆ 106, ಸಾಮಾನ್ಯವಾಗಿ ಐದು ವರ್ಷದವರೆಗೆ.

ಪ್ರೈಮಾ ಫೇಸಿಗೆ ನಮ್ಮ ಕೋರ್ಟಿನಲ್ಲೇ ಒಳ್ಳೆಯ ಕನ್ನಡ ಇದೆ: ಮೇಲ್ನೋಟಕ್ಕೆ. ಒಮ್ಮೆ ಜಾಮೀನು ಅರ್ಜಿ ವಜಾ ಆಯಿತು. ಆದೇಶದಲ್ಲಿ ‘ಪ್ರೈಮಾ ಫೇಸಿ ಕೇಸ್ ಇದೆ’ ಅಂತಿತ್ತು. ಮಗನಿಗೆ ಶಿಕ್ಷೆಯೇ ಆಯಿತು ಅಂದುಕೊಂಡು ತಾಯಿ ಕೋರ್ಟಿನ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. ಪಕ್ಕದಲ್ಲೇ ಕೂತೆ. ‘ಅಮ್ಮಾ, ಇದು ಮೇಲ್ನೋಟಕ್ಕೆ ಕಂಡದ್ದು ಮಾತ್ರ. ಇನ್ನೂ ಒಬ್ಬ ಸಾಕ್ಷಿಯೂ ಕಟಕಟೆ ಹತ್ತಿಲ್ಲ’ ಅಂದೆ. ಸೆರಗಿನಿಂದ ಕಣ್ಣೊರೆಸಿಕೊಂಡು, ಮುಂದಿನ ತಾರೀಕು ಯಾವಾಗ ಅಂತ ಕೇಳಿದರು.